ಎಡಗಡೆಯ ಕಣಗಿಲೆ

ಅನನ್ಯಾ, ರೋಹನ್, ನಿನ್ನೆ ಗರಾಜಿನಲ್ಲಿ ಗ್ರೈಂಡರ್ ಸರಿಸುವಾಗ ಅದರ ಒಂದು ಕಾಲ ಕೆಳಗಿನಿಂದ ದಪ್ಪನೆಯ ಪುಸ್ತಕವೊಂದು ಹೊರಬಂತಲ್ಲ, ರೋಹನ್ ಅದನ್ನು ರೀಸೈಕಲ್ ಡಬ್ಬಕ್ಕೆ ಹಾಕಲು ಹೋದಾಗ ನಾನು ಬಂದು ಕಿತ್ತುಕೊಂಡೆ. ನೀವಿಬ್ಬರೂ ಮುಖ ಮುಖ ನೋಡಿಕೊಂಡಿರಿ. ಅಜ್ಜಿ ಯಾರ ಕೈಯಿಂದಲೂ ಏನನ್ನೂ ಕಿತ್ತುಕೊಳ್ಳುವವಳಲ್ಲ. ಕಾರಣ ಹೇಳೋಣವೆಂದು ಬಾಯಿ ತೆರೆದೆ, ಎಂದಿನಂತೆ ಮಾತು ಹೊರಡಲಿಲ್ಲ. "ಇರಲಿ ಬಿಡಿ, ಬೇಕು" ಎಂದು ಸೆರಗಿನಿಂದ ಧೂಳು ಒರೆಸಿಕೊಂಡು ಒಳಗೆ ಹೋದೆ. ಬಾಯಲ್ಲಿ ಬಾರದ್ದು ಕೈಯಲ್ಲಾದರೂ ಬಂದೀತು ಎಂದು ಈಗ ಬರೆಯಲು ಕೂತಿದ್ದೇನೆ.

ಅದು ನಿಮ್ಮ ಅಮ್ಮನ ಕಾಲೇಜಿನ ಕ್ಯಾಟಲಾಗು. ಆ ಕಾಲೇಜಿನಲ್ಲಿ ಏನೇನು ಓದಬಹುದು ಎಂಬುದೆಲ್ಲ ಅದರಲ್ಲಿದೆ. ನಕ್ಷತ್ರದಿಂದ ಹಿಡಿದು ಕೀಟದವರೆಗೆ. ನಮ್ಮ ಗರಾಜಿನ ನೆಲ ಬಾಗಿಲ ಕಡೆಗೆ ಇಳಿಜಾರಾಗಿರುವುದರಿಂದ ಗ್ರೈಂಡರ್ ತಿರುಗುತ್ತಾ ತಿರುಗುತ್ತಾ ಬೀದಿಗೆ ಹೊರಟುಬಿಡುತ್ತಿತ್ತು. ನಿಮ್ಮ ತಾತ ಆ ಪುಸ್ತಕವನ್ನು ಅದರ ಕಾಲಿಗೆ ಕೊಟ್ಟರು. ಅಂದಿನಿಂದ ಈ ಮನೆಯ ದೋಸೆ ಇಡ್ಲಿಗಳೆಲ್ಲ ಆ ಕಾಲೇಜಿನ ಆಧಾರದ ಮೇಲೆಯೇ ಆಗಿವೆ.

ಅನನ್ಯಾ, ನೀನು ಈ ವಾರವೆಲ್ಲ ಫೋನು ಹಿಡಿದುಕೊಂಡು ಮನೆಯ ಉದ್ದಗಲ ಅಳೆಯುತ್ತಿದ್ದೀಯ. ಕಾಲೇಜಿನಲ್ಲಿ ಮುಖ್ಯವಾಗಿ ಓದುವ ಮೇಜರು ಯಾವುದು, ಜೊತೆಗೆ ಓದುವ ಮೈನರು ಯಾವುದು ಎಂದು ಸೋಮವಾರದೊಳಗೆ ಹೇಳಬೇಕಂತೆ. ನೀನು ನಡೆದರೆ ನನಗೂ ಕೂರಲಾಗುವುದಿಲ್ಲ. ನಾನು ಬೇಳೆ ಆರಿಸುತ್ತೇನೆ. ಇಲ್ಲಿನ ಪ್ಯಾಕೆಟ್ ಬೇಳೆಯಲ್ಲಿ ಕಲ್ಲು ಇರುವುದಿಲ್ಲ ಎಂದು ನೀವು ನಗುತ್ತೀರಿ. ಅದು ನನಗೂ ಗೊತ್ತು. ಈ ದೇಶಕ್ಕೆ ಬಂದು ಇಷ್ಟು ವರ್ಷದಲ್ಲಿ ನನಗೆ ಸಿಕ್ಕಿರುವುದು ಒಂದೇ ಕಲ್ಲು. ಆದರೂ ಮನಸ್ಸು ನಿಲ್ಲದಾಗ ಬೆರಳಿಗೆ ಏನಾದರೂ ಕೆಲಸ ಬೇಕು.

ಆರಿಸುವುದು ಎಂದಾಗ ನನ್ನ ಶಾಲೆ ನೆನಪಾಗುತ್ತದೆ. ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿ, ಎರಡು ಕೋಣೆ, ಏಳು ತರಗತಿ. ಮಧ್ಯಾಹ್ನದ ಮೇಲೆ ಕೈಗೆಲಸದ ಪೀರಿಯಡ್ಡು. ತಕಲಿಯಲ್ಲಿ ನೂಲುವುದು ಒಂದು, ಶಾಲೆಯ ಹಿಂದೆ ತರಕಾರಿ ಬೆಳೆಯುವುದು ಇನ್ನೊಂದು. ನನಗೆ ತೋಟ ಬೇಕಿತ್ತು. ಬದನೆಗಿಡಕ್ಕೆ ನೀರು ಹಾಕಿದ ಮಾರನೇ ದಿನ ಅದರ ಎಲೆ ಹೇಗೆ ನಿಗುರಿಕೊಳ್ಳುತ್ತದೆ ಎಂದು ನೋಡುವುದು ನನಗೆ ಇಷ್ಟ. ಮೇಷ್ಟ್ರು ಬಂದು, "ಹುಡುಗೀರೆಲ್ಲ ತಕಲಿ, ಹುಡುಗ್ರೆಲ್ಲ ತೋಟ" ಎಂದರು. ಅಷ್ಟೇ, ನನ್ನ ಮೇಜರು ಮುಗಿಯಿತು. ನಾನು ನೂತರೆ ನೂಲು ಪದೇ ಪದೇ ಹರಿಯುತ್ತಿತ್ತು. "ನಿನ್ನ ನೂಲೂ ನಿನ್ನ ಮಾತಿನಂಗೇ ಕಣಮ್ಮ, ಎರಡು ಗೇಣಿಗೆ ತುಂಡು" ಎಂದು ಅವರು ಎಲ್ಲರ ಮುಂದೆ ಹೇಳಿದ್ದನ್ನು ಇವತ್ತಿಗೂ ಮರೆತಿಲ್ಲ. ಅವರು ಹೇಳಿದ್ದು ಸುಳ್ಳಲ್ಲವಾದ್ದರಿಂದ ಇನ್ನೂ ಮರೆಯಲಾಗಿಲ್ಲ.

ನಿಮ್ಮ ಅಮ್ಮ ಶಾರದಾ ನಮಗೆ ಶಾರಿ. ಐದು ವರ್ಷದವಳಿದ್ದಾಗ ಅವಳನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾದ ಈ ಫ್ರೀಮಾಂಟಿಗೆ ಬಂದೆವು. ಅವಳು ಹೈಸ್ಕೂಲು ಮುಗಿಸಿ ಕಾಲೇಜು ಸೇರಿದ್ದು ಎಂಬತ್ತರ ದಶಕದ ನಡುವಿನ ಮಾತು. ಡಾಕ್ಟರಾಗಬೇಕು ಎಂಬುದು ಅವಳದೇ ಆಸೆ. ಅದರಲ್ಲಿ ಜಗಳವಿರಲಿಲ್ಲ. ನಮ್ಮ ಊರ ಕಡೆ ಪಿಯುಸಿ ಆದ ಕೂಡಲೇ ಮೆಡಿಕಲ್ಲು. ಇಲ್ಲಿ ಹಾಗಲ್ಲ, ಮೊದಲು ನಾಲ್ಕು ವರ್ಷ ಬೇರೇನಾದರೂ ಓದಿ ಆಮೇಲೆ ಮೆಡಿಕಲ್ಲಿಗೆ ಅರ್ಜಿ ಹಾಕಬೇಕು ಎಂಬುದು ನಮ್ಮ ತಲೆಗೆ ಹೋಗುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. "ಶಾರಿಗೆ ಮೆಡಿಕಲ್ ಸಿಕ್ಕಿತು" ಎಂದು ತಾತ ಮಂಡ್ಯದ ಹತ್ತಿರದ ತಮ್ಮ ಊರಿಗೆ ಕಾಗದ ಬರೆದುಬಿಟ್ಟಿದ್ದರು. ಅಲ್ಲಿ ಅವರ ಅಮ್ಮ ಊರಿಗೆಲ್ಲ ಸಿಹಿ ಹಂಚಿದರು.

ಆಮೇಲೆ ಶುರುವಾಯಿತು ನೋಡಿ. ಊರಿಂದ ಬರುವ ಪ್ರತಿ ಕಾಗದದ ಕೊನೆಯಲ್ಲಿ ಒಂದೊಂದು ಕಾಯಿಲೆ. ನಾದಿನಿಗೆ ಮಂಡಿ ನೋವು, ಶಾನುಭೋಗರ ಮಗನಿಗೆ ಊಟವಾದ ಮೇಲೆ ಬಿಕ್ಕಳಿಕೆ, ಯಾರದೋ ಮಗುವಿನ ಮೈಮೇಲೆ ಗುಳ್ಳೆ. "ಡಾಕ್ಟರ್ ಶಾರದಾಗೆ ತೋರಿಸಿ ಉತ್ತರ ಬರೆಯುವುದು." ಡಾಕ್ಟರ್ ಶಾರದಾ ಆಗ ಕಾಲೇಜಿನ ಹಾಸ್ಟೆಲಿನಲ್ಲಿ ಕುಳಿತು ಕೆಮಿಸ್ಟ್ರಿ ಪರೀಕ್ಷೆಗೆ ಅಳುತ್ತಿದ್ದಳು. ತಾತ ನಿಜ ಬರೆಯಲು ನಾಚಿ, "ಬಿಸಿನೀರಿನ ಶಾಖ ಕೊಡುವುದು" ಎಂದು ಎಲ್ಲರಿಗೂ ಒಂದೇ ಔಷಧ ಬರೆದು ಕಳಿಸುತ್ತಿದ್ದರು. ಬಿಕ್ಕಳಿಕೆಗೂ ಅದೇ.

ಎರಡನೇ ವರ್ಷಕ್ಕೆ ಮುಂಚಿನ ಬೇಸಿಗೆಯಲ್ಲಿ ಶಾರಿ ಓಕ್ಲ್ಯಾಂಡಿನ ಒಂದು ಆಸ್ಪತ್ರೆಗೆ ವಾಲಂಟಿಯರ್ ಆಗಿ ಹೋಗುತ್ತಿದ್ದಳು. ರೋಗಿಗಳಿಗೆ ಪುಸ್ತಕ, ನೀರು ಕೊಡುವ ಕೆಲಸ. ಒಂದು ದಿನ ಬಂದವಳೇ ಶೂ ಬಿಚ್ಚದೆ ಅಡಿಗೆಮನೆಗೆ ಬಂದಳು.

"ಅಮ್ಮ, ನೀನು ಸ್ನಾನ ಮಾಡ್ದೆ ಯಾಕೆ ತಿನ್ನಲ್ಲ?"

"ಶೂ ಬಿಚ್ಚು ಮೊದಲು."

"ಹೇಳಮ್ಮ, ಪ್ಲೀಸ್."

ಆಸ್ಪತ್ರೆಯಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಅಜ್ಜಿ ಇದ್ದರಂತೆ. ಮಗನ ಮನೆಗೆ ಬಂದವರು ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಮಗ ಬರುವುದು ಸಂಜೆಗೆ. ಬೆಳಿಗ್ಗೆ ತಟ್ಟೆ ಇಟ್ಟರೆ ಅಜ್ಜಿ ಮುಖ ತಿರುಗಿಸುತ್ತಾರೆ. ಹಟವೋ ಅರಳುಮರಳೋ ಎಂದುಕೊಂಡಿದ್ದರು ಅಲ್ಲಿನವರು. ಶಾರಿ ಹೋಗಿ ತನ್ನ ಹರಕುಮುರುಕು ಕನ್ನಡದಲ್ಲಿ ಕೇಳಿದಾಗ ಅಜ್ಜಿ, "ಜಳಕ ಆಗದ ಹ್ಯಾಂಗ ಉಣ್ಣಲೆವಾ? ಹೊಲಸ ಬಾಯಾಗ ಹಾಕ್ಕೊಳ್ಳೇನು?" ಎಂದರಂತೆ. ಶಾರಿ ನರ್ಸಿಗೆ ಹೇಳಿದಳು. ನರ್ಸು ಬಿಸಿನೀರು, ಟವೆಲು ತಂದು ಮೈಯೊರೆಸಿ ಬಟ್ಟೆ ಬದಲಿಸಿದಳು. ಅಜ್ಜಿ ತಟ್ಟೆ ಖಾಲಿ ಮಾಡಿ ಇನ್ನೊಂದು ಬಾಳೆಹಣ್ಣು ಕೇಳಿದರಂತೆ.

"ಯಾವ ಬಯಾಲಜಿ ಪುಸ್ತಕದಲ್ಲೂ ಇದಿಲ್ಲಮ್ಮ. ನಿನ್ನ ನೋಡಿ ನಂಗೆ ಗೊತ್ತಿತ್ತು, ಅಷ್ಟೇ" ಎಂದಳು.

ಕಾಲೇಜು ಮತ್ತೆ ಶುರುವಾದಾಗ ಅವಳು ಆಂತ್ರೊಪಾಲಜಿಯ ಒಂದು ಕ್ಲಾಸು ತೆಗೆದುಕೊಂಡಳು. ಜನ ಹೇಗೆ ಬದುಕುತ್ತಾರೆ, ಯಾಕೆ ಹಾಗೆ ಬದುಕುತ್ತಾರೆ ಎಂದು ಓದುವ ವಿಷಯ. ಒಂದು ಶನಿವಾರ ಟೇಪ್ ರೆಕಾರ್ಡರ್ ತಂದು ನನ್ನ ಮುಂದಿಟ್ಟಳು. ಕ್ಲಾಸಿಗಾಗಿ ಯಾರನ್ನಾದರೂ ಮಾತಾಡಿಸಬೇಕಂತೆ. "ನನ್ನನ್ನೇನು ಕೇಳ್ತೀಯ, ನಿಮ್ಮ ಅಪ್ಪನ್ನ ಕೇಳು" ಎಂದೆ. ಅವಳು ಒತ್ತಾಯ ಮಾಡಲಿಲ್ಲ, ಸುಮ್ಮನೆ ಬಟನ್ ಒತ್ತಿ ಕೂತಳು. ಮಡಿ ಎಂದರೇನು, ಅದನ್ನು ಕಲಿಸಿದವರು ಯಾರು, ಬಾವಿಯ ನೀರು ಎಷ್ಟು ತಣ್ಣಗಿರುತ್ತಿತ್ತು, ಬಾಣಂತಿ ಏನು ತಿನ್ನುತ್ತಿದ್ದಳು ಎಂದು ಒಂದೊಂದೇ ಕೇಳುತ್ತಾ ಹೋದಳು. ಟೇಪು ತಿರುವಿ ಹಾಕಿದಳು. ಎರಡನೇ ಬದಿಯೂ ಮುಗಿಯಿತು. ನನ್ನ ನೂಲು ಹರಿಯಲೇ ಇಲ್ಲ. ಅಂಥದ್ದನ್ನೆಲ್ಲ ನನ್ನನ್ನು ಆವರೆಗೆ ಯಾರೂ ಕೇಳಿರಲಿಲ್ಲ, ನಿಮ್ಮ ತಾತನೂ. ಏಳನೇ ಕ್ಲಾಸು ಓದಿದ ನಾನು ಅಮೆರಿಕದ ಕಾಲೇಜಿಗೆ ಪಾಠವಾದೆ. ಮೇಡಂ ಎ ಗ್ರೇಡ್ ಕೊಟ್ಟರಂತೆ. ಅದರಲ್ಲಿ ಅರ್ಧ ನನ್ನದು ಎಂದು ಇವತ್ತಿಗೂ ಒಳಗೊಳಗೇ ಅಂದುಕೊಳ್ಳುತ್ತೇನೆ.

ಅಕ್ಟೋಬರಿನಲ್ಲಿ ಅವಳು ಮೇಜರು ಬರೆದುಕೊಡಬೇಕಿತ್ತು. ಆಂತ್ರೊಪಾಲಜಿ ಮೇಜರು, ಬಯಾಲಜಿ ಮೈನರು ಎಂದಳು. ತಾತ ಬಯಾಲಜಿ ಮೇಜರು, ಬೇಕಿದ್ದರೆ ಆಂತ್ರೊಪಾಲಜಿ ಮೈನರು ಎಂದರು. ಎರಡೂ ಅವೇ ವಿಷಯಗಳು, ಮೇಲೆ ಕೆಳಗೆ ಅಷ್ಟೇ. ಅಷ್ಟಕ್ಕೇ ಅವಳು ಹಾಸ್ಟೆಲಿನಿಂದ ಮನೆಗೆ ಬಂದ ಎರಡು ವಾರಾಂತ್ಯವೂ ಊಟದ ಮೇಜಿನಲ್ಲಿ ಅದೇ ವಾದ.

"ಅಪ್ಪ, ಮೆಡಿಕಲ್ ಸ್ಕೂಲಿನವರು ಮೇಜರ್ ಯಾವ್ದು ಅಂತ ನೋಡಲ್ಲ. ಅವರು ಹೇಳಿರೋ ಕ್ಲಾಸ್ ಎಲ್ಲ ಮಾಡಿದ್ರೆ ಸಾಕು. ಕೆಮಿಸ್ಟ್ರಿ, ಫಿಸಿಕ್ಸ್, ಬಯಾಲಜಿ. ಅಡ್ವೈಸರ್ ಹೇಳಿದಾರೆ."

"ನೋಡಲ್ಲ ಅಂದ್ರೆ ಅರ್ಜೀಲಿ ಯಾಕವ್ವ ಕೇಳ್ತಾರೆ?"

"ಸುಮ್ನೆ ಕೇಳ್ತಾರೆ."

"ಈ ದೇಶದಲ್ಲಿ ಸುಮ್ನೆ ಯಾರೂ ಏನೂ ಕೇಳಲ್ಲ."

ತಾತನನ್ನೂ ತಪ್ಪು ಎನ್ನಲಾರೆ. ಅವರು ಕೊಲ್ಲಿಯ ಸೇತುವೆ ದಾಟಿ ಆಚೆ ದಡದ ಕಂಪನಿಯಲ್ಲಿ ಅಳತೆಯ ಯಂತ್ರಗಳನ್ನು ಪರೀಕ್ಷೆ ಮಾಡುವ ಇಂಜಿನಿಯರು. ಯಾವುದನ್ನೂ ಮೂರು ಸಲ ಅಳೆಯದೆ ನಂಬಿದವರಲ್ಲ. ಜೊತೆಗೆ ಊರಿನ ಚಿಂತೆ. "ಡಾಕ್ಟರ್ ಆಗಿದ್ದವಳು ಈಗ ಜನಾನ ಓದ್ತಾಳೆ ಅಂತ ಬರೀಲಾ ನಮ್ಮವ್ವಂಗೆ?" ಎನ್ನುತ್ತಿದ್ದರು. ಅದರ ಮೇಲೆ ನಮ್ಮ ಬೀದಿಯ ಪದ್ಮಕ್ಕ, ಬೆಂಗಳೂರಿನವರು, ಮಗ ಬಯೋಕೆಮಿಸ್ಟ್ರಿ ಓದುತ್ತಿದ್ದ, ಎಲ್ಲರೂ ಒಂದೊಂದು ಅಡಿಗೆ ತಂದು ಹಂಚಿಕೊಳ್ಳುವ ಒಂದು ಪಾಟ್‌ಲಕ್ಕಿನಲ್ಲಿ ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಾ, "ಆಂತ್ರೊಪಾಲಜಿನಾ? ಅದನ್ನ ಓದಿದ್ರೆ ಕಾಡಲ್ಲಿ ಹೋಗಿ ಟೆಂಟ್ ಹಾಕ್ಕೊಂಡು ಇರ್ಬೇಕಂತಲ್ರೀ, ಶಾರಿಗೆ ಸೊಳ್ಳೆ ಕಚ್ಚಿದ್ರೆ ಆಗಲ್ಲ ಅಲ್ವಾ?" ಎಂದರು. ನಾನು ನಕ್ಕೆ. ಉತ್ತರ ಹೊಳೆದದ್ದು ಮನೆಗೆ ಬಂದ ಮೇಲೆ. ನನಗೆ ಯಾವಾಗಲೂ ಹಾಗೆಯೇ.

ಫಾರಂ ಕೊಡಲು ಒಂದು ವಾರ ಉಳಿದಿತ್ತು. ಭಾನುವಾರ ಊಟವಾದ ಮೇಲೆ ತಾತ ಕೈ ತೊಳೆದು ಬಂದು, "ಅವ್ವ ಇಲ್ಲಿದ್ದಿದ್ರೆ ಪ್ರಸಾದ ಕೇಳಿಬಿಡ್ತಿತ್ತು. ನೀನೇ ಕೇಳು" ಎಂದರು ನನಗೆ.

ನಿಮಗೆ ಗೊತ್ತಿರಲಾರದು. ನಮ್ಮ ಕಡೆ ಯಾವುದಾದರೂ ವಿಷಯ ಹೀಗೋ ಹಾಗೋ ಎಂದು ತೀರ್ಮಾನವಾಗದಿದ್ದರೆ ದೇವರ ಎರಡೂ ಪಕ್ಕಕ್ಕೆ ಒದ್ದೆ ಹೂವು ಅಂಟಿಸಿ, ಇದಾದರೆ ಬಲಗಡೆ ಕೊಡು, ಅದಾದರೆ ಎಡಗಡೆ ಕೊಡು ಎಂದು ಬೇಡಿಕೊಂಡು ಕಾಯುತ್ತಾರೆ. ಬಿದ್ದ ಹೂವೇ ಉತ್ತರ. ತಾತ ಅಮೆರಿಕಕ್ಕೆ ಬಂದದ್ದೂ ಹಾಗೇ, ಅವರ ಅಮ್ಮ ಕೇಳಿದಾಗ ಬಲಗಡೆ ಬಿದ್ದ ಒಂದು ಹೂವಿನಿಂದ. ಎಲ್ಲವನ್ನೂ ಮೂರು ಸಲ ಅಳೆಯುವ ಮನುಷ್ಯ ಅದನ್ನೊಂದು ಮಾತ್ರ ಅಳೆಯದೆ ನಂಬಿದ್ದರು.

ಶಾರಿ ಅಪ್ಪನನ್ನು ನೋಡಿದಳು. ನಗುತ್ತಾಳೆ ಅಂದುಕೊಂಡೆ. "ಬಯಾಲಜಿ ಬಂದ್ರೆ ಬಯಾಲಜಿ ಮಾಡ್ತೀನಿ. ಇನ್ನು ಮಾತಾಡಲ್ಲ. ನಂಗೂ ಸಾಕಾಗಿದೆ" ಎಂದು ತಟ್ಟೆ ಎತ್ತಿಕೊಂಡು ಹೋದಳು. ಇಬ್ಬರೂ ತಮ್ಮ ಭಾರವನ್ನು ನನ್ನ ತಲೆಗೆ ಹೊರಿಸಿ ನಿರಾಳವಾಗಿ ಮಲಗಿದರು.

ಸೋಮವಾರ ಬೆಳಿಗ್ಗೆ ತಾತ ಕೆಲಸಕ್ಕೆ, ಶಾರಿ ಕಾಲೇಜಿಗೆ. ನಾನು ಸ್ನಾನ ಮಾಡಿ ಹಿತ್ತಲಿನ ಬೇಲಿಯಿಂದ ಎರಡು ಕಣಗಿಲೆ ಕಿತ್ತು ತಂದೆ. ಇಲ್ಲಿ ಫ್ರೀವೇ ಉದ್ದಕ್ಕೂ ಯಾರೂ ಮುಟ್ಟದೆ ಬೆಳೆದಿರುತ್ತದಲ್ಲ, ಅದೇ ಹೂವು. ಮನೆದೇವರ ಪಟದ ಗಾಜಿಗೆ ಎರಡೂ ಕಡೆ ಕುಂಕುಮವಿಟ್ಟು, ಅದರ ಮೇಲೆ ಬಲಗಡೆ ಒಂದು, ಎಡಗಡೆ ಒಂದು ಒದ್ದೆ ಹೂವು ಅಂಟಿಸಿದೆ. ಬಯಾಲಜಿಯಾದರೆ ಬಲಗಡೆ, ಆಂತ್ರೊಪಾಲಜಿಯಾದರೆ ಎಡಗಡೆ. ದೇವರಿಗೆ ಆ ಹೆಸರು ಸರಿಯಾಗಿ ಹೇಳಲು ಎರಡು ಸಲ ಪ್ರಯತ್ನಿಸಬೇಕಾಯಿತು. ಕೈಮುಗಿದು ಕಣ್ಣು ಮುಚ್ಚಿದೆನೋ ಇಲ್ಲವೋ, ಗೋಡೆಯೊಳಗೆ ಗುಡುಗುಡು ಸದ್ದಾಗಿ ಹೀಟರ್ ಶುರುವಾಯಿತು. ಅದರ ಗಾಳಿ ಬರುವ ಜಾಲರಿ ದೇವರ ಬಲಪಕ್ಕಕ್ಕೇ ಇದೆ. ಕಣ್ಣು ತೆರೆದರೆ ಬಲಗಡೆಯ ಹೂವು ಕೆಳಗೆ ಬಿದ್ದಿತ್ತು.

ಇದು ದೇವರು ಕೊಟ್ಟದ್ದೋ ಹೀಟರು ಕೊಟ್ಟದ್ದೋ? ಪ್ರಸಾದವನ್ನು ಎರಡನೇ ಸಲ ಕೇಳಬಾರದು, ಕೇಳಿದರೆ ದೇವರನ್ನು ನಂಬಲಿಲ್ಲ ಎಂದಾಗುತ್ತದೆ. ನಾನು ಹೋಗಿ ಹೀಟರ್ ಆಫ್ ಮಾಡಿ ಬಂದು, ಬಿದ್ದ ಹೂವನ್ನು ಮತ್ತೆ ಒದ್ದೆ ಮಾಡಿ ಅಂಟಿಸಿ ಎರಡನೇ ಸಲ ಕೇಳಿದೆ.

ಈ ಸಲ ಯಾವುದೂ ಬೀಳಲಿಲ್ಲ. ಹತ್ತು ಗಂಟೆಯಾಯಿತು. ಮನೆ ತಣ್ಣಗಾಯಿತು, ಶಾಲು ಹೊದ್ದುಕೊಂಡೆ. ಬೇಳೆ ಆರಿಸಿದೆ. ಆರಿಸಿದ ಬೇಳೆಯನ್ನು ಮತ್ತೆ ಸುರಿದು ಆರಿಸಿದೆ. ನಾನು ಆಗಲೇ ಹೇಳಿದ ಆ ಒಂದು ಕಲ್ಲು ಸಿಕ್ಕಿದ್ದು ಅವತ್ತೇ. ಪದ್ಮಕ್ಕನ ಫೋನು ಬಂತು, ಎತ್ತಲಿಲ್ಲ. ಬಾಗಿಲವರೆಗೆ ಹೋಗಿ ಬಂದೆ, ಫ್ರಿಜ್ಜು ತೆರೆದು ಯಾಕೆ ತೆರೆದೆ ಎಂದು ಮರೆತು ಮುಚ್ಚಿದೆ. ಹೂವುಗಳು ಒಣಗುತ್ತಾ ಗಾಜಿಗೆ ಇನ್ನೂ ಬಿಗಿಯಾಗಿ ಅಂಟಿಕೊಂಡವು. ಮಧ್ಯಾಹ್ನ ದಾಟಿತು. ಬೆಳಗಿನಿಂದ ಏನೂ ತಿಂದಿರಲಿಲ್ಲ.

ಆ ಟೇಪ್ ರೆಕಾರ್ಡರಿನ ಶನಿವಾರ ನೆನಪಾಗುತ್ತಿತ್ತು. ಶಾರಿ ಗಲ್ಲಕ್ಕೆ ಕೈಕೊಟ್ಟು, ನಾನು ಹೇಳುವುದನ್ನೆಲ್ಲ ದೊಡ್ಡವರ ಮಾತು ಎಂಬಂತೆ ಕೇಳುತ್ತಾ ಕೂತದ್ದು. ಮೇಷ್ಟ್ರು, "ಹುಡುಗೀರೆಲ್ಲ ತಕಲಿ" ಎಂದದ್ದೂ ನೆನಪಾಗುತ್ತಿತ್ತು. ಎದ್ದೆ. ಪಟದ ಮುಂದೆ ನಿಂತು, ಎರಡು ಬೆರಳಲ್ಲಿ ಎಡಗಡೆಯ ಕಣಗಿಲೆಯನ್ನು ಹಿಡಿದು ತೆಗೆದೆ.

ಬಿದ್ದದ್ದಲ್ಲ ಮಕ್ಕಳೇ, ನಾನು ತೆಗೆದದ್ದು. ನಿಮ್ಮ ಅಮ್ಮನಿಗೂ ಇದುವರೆಗೆ ಹೇಳಿಲ್ಲ.

ಸಂಜೆ ತಾತ ಬಂದರು. ಬಾಗಿಲಲ್ಲೇ ನಿಂತು ಶೂ ಬಿಚ್ಚುತ್ತಾ ಕೇಳಿದರು.

"ಆಯ್ತಾ?"

"ಆಯ್ತು."

"ಯಾವ ಕಡೆ?"

"ಎಡಗಡೆ."

ಹೂವನ್ನು ಅವರ ಮುಂದೆ ಹಿಡಿದೆ. ಅವರು ಹೂವನ್ನು ನೋಡಿದರು, ನನ್ನ ಕೈಯನ್ನು ನೋಡಿದರು, ಪಟದ ಕಡೆ ಒಮ್ಮೆ ನೋಡಿದರು. ಎಷ್ಟು ಹೊತ್ತಿಗೆ ಬಿತ್ತು, ಹೇಗೆ ಬಿತ್ತು, ಮನೆ ಯಾಕೆ ಇಷ್ಟು ತಣ್ಣಗಿದೆ ಎಂದು ಒಂದನ್ನೂ ಕೇಳಲಿಲ್ಲ. ಹೂವನ್ನು ಕಣ್ಣಿಗೊತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. "ಸರಿ ಹಾಗಾದ್ರೆ" ಎಂದು ಶಾರಿಗೆ ತಾವೇ ಫೋನು ಮಾಡಿದರು. ಆ ವಾರವೇ ಊರಿಗೆ ಕಾಗದ ಬರೆದರು. ಅದರಲ್ಲಿದ್ದದ್ದು ನನಗೆ ಬಾಯಿಪಾಠ: "ಶಾರಿ ಇನ್ನೂ ಡಾಕ್ಟರ್ ಆಗಿಲ್ಲ. ಸದ್ಯಕ್ಕೆ ಜನರ ಬಗ್ಗೆ ಓದುತ್ತಿದ್ದಾಳೆ. ಮಂಡಿ ನೋವನ್ನು ಅಲ್ಲಿಯೇ ತೋರಿಸುವುದು."

ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಎರಡೂವರೆ ವರ್ಷ ನಾನು ನೆಮ್ಮದಿಯಾಗಿ ಕೂತದ್ದು ಕಡಿಮೆ. ಶಾರಿ ಖುಷಿಯಾಗಿದ್ದಳು, ಹಾಸ್ಟೆಲಿನಿಂದ ಬಂದಾಗಲೆಲ್ಲ ಬಾಯಿ ತುಂಬಾ ಮಾತು. ಅವಳು ನಕ್ಕಷ್ಟೂ ನನಗೆ ಭಯ. ನಾಳೆ ಮೆಡಿಕಲ್ಲಿನವರು, ಬಯಾಲಜಿ ಯಾಕೆ ಓದಲಿಲ್ಲ ಎಂದು ಬಾಗಿಲು ಹಾಕಿದರೆ, ಹಾಕಿದ್ದು ಅವರಲ್ಲ, ನನ್ನ ಎರಡು ಬೆರಳು. ಅರ್ಜಿ ಹಾಕಿದ ವರ್ಷ ತೆಳ್ಳನೆಯ ಲಕೋಟೆಗಳು ಒಂದೊಂದಾಗಿ ಬಂದವು. ತೆಳ್ಳಗಿದ್ದರೆ ಇಲ್ಲ ಎಂದರ್ಥ ಎಂದು ಶಾರಿ ಹೇಳಿಕೊಟ್ಟಿದ್ದಳು. ಪೋಸ್ಟಿನವನ ಗಾಡಿ ತಿರುವಿನಲ್ಲಿ ಕಂಡರೆ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಡುತ್ತಿದ್ದೆ. ನಾನೇ ಮೊದಲು ಓಡಿ ಲಕೋಟೆಯನ್ನು ಹಿಸುಕಿ ನೋಡುತ್ತಿದ್ದೆ. ಮಾವಿನಕಾಯಿ ಹಣ್ಣಾಗಿದೆಯೇ ಎಂದು ನೋಡುತ್ತೇವಲ್ಲ, ಹಾಗೆ.

ಏಪ್ರಿಲಿನಲ್ಲಿ ಒಂದು ದಪ್ಪ ಲಕೋಟೆ ಬಂತು. ಆ ಕಾಲೇಜಿನ ಸಂದರ್ಶನದಲ್ಲಿ ಇಬ್ಬರು ಡಾಕ್ಟರುಗಳು ಅರ್ಧ ಗಂಟೆ ಅವಳನ್ನು ಕೇಳಿದ್ದು ಹುಬ್ಬಳ್ಳಿಯ ಅಜ್ಜಿಯ ಜಳಕದ ವಿಷಯವನ್ನೇ ಅಂತೆ.

ಮರುದಿನ ತಾತ ಲಿವರ್‌ಮೋರಿನ ದೇವಸ್ಥಾನಕ್ಕೆ ಹೋಗೋಣ ಎಂದರು. ಗುಡ್ಡಗಳಾಚೆಯ ಆ ದೇವಸ್ಥಾನ ಆಗ ಇನ್ನೂ ಹೊಸದು. ನಾವಿಬ್ಬರೇ ಹೊರಟೆವು. ಫ್ರೀವೇ ಮಧ್ಯದ ಸಾಲಿನಲ್ಲಿ ಕಣಗಿಲೆ ಗಿಡ. ನಾನು ಕಿಟಕಿಯ ಕಡೆ ಮುಖ ಮಾಡಿದ್ದೆ. ದೇವರ ಮುಂದೆ ನಿಂತಾಗ ಏನೆಂದು ಹೇಳಲಿ ಎಂದು ಸೆರಗಿನ ತುದಿಯನ್ನು ಸುತ್ತುತ್ತಿದ್ದೆ, ಬಿಚ್ಚುತ್ತಿದ್ದೆ. ದೇವಸ್ಥಾನದ ಬೀದಿಗೆ ತಿರುಗುವಾಗ ತಡೆಯಲಾಗಲಿಲ್ಲ.

"ರೀ, ಆವತ್ತು ಪ್ರಸಾದ..." ಎಂದೆ. ನೂಲು ಅಲ್ಲಿಗೆ ಹರಿಯಿತು.

ತಾತ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಹೆಬ್ಬೆರಳಿಗೂ ತೋರುಬೆರಳಿಗೂ ಕುಂಕುಮ ಹತ್ತಿತ್ತು ನಿಂಗೆ. ದೇವರಿಗೆ ಕುಂಕುಮ ಇಡೋದು ಉಂಗುರದ ಬೆರಳಲ್ಲಿ. ಆ ಎರಡು ಬೆರಳಲ್ಲಿ ಹೂವು ತೆಗೆಯೋದು" ಎಂದರು.

ಕಿಟಕಿಯಿಂದ ತಿರುಗಿ ಅವರನ್ನು ನೋಡಿದೆ. ಎರಡೂವರೆ ವರ್ಷ ನಾನು ಬೇಳೆ ಆರಿಸಿದ್ದು ಇವರಿಗೆ ಗೊತ್ತಿದ್ದ ವಿಷಯಕ್ಕೆ.

"ಗೊತ್ತಿದ್ದೂ ಸುಮ್ನಿದ್ರಾ?"

"ಮದುವೆ ಆದಾಗಿಂದ ನೀನು ಒಂದು ಸೀರೆ ಬಣ್ಣಾನೂ ಇದೇ ಬೇಕು ಅಂತ ಆರಿಸಿದವಳಲ್ಲ. ಅಂಥವಳು ದೇವರ ಮೇಲಿನ ಹೂವಿಗೇ ಕೈ ಹಾಕಿದೀಯ ಅಂದ್ರೆ ಸುಮ್ನೆ ಅಲ್ಲ ಅಂದ್ಕೊಂಡೆ." ಗಾಡಿ ನಿಧಾನ ಮಾಡುತ್ತಾ, "ಭಯ ನಂಗೂ ಇತ್ತು ಕಣೇ" ಎಂದರು. ಆಮೇಲೆ, "ಇಳಿ, ಪಾರ್ಕಿಂಗ್ ಸಿಕ್ತು" ಎಂದರು.

ತಾತ ಹೋಗಿ ಹನ್ನೊಂದು ವರ್ಷವಾಯಿತು. ನಿಮ್ಮ ಅಮ್ಮ ಇವತ್ತಿಗೂ ರೋಗಿಯ ಕಾಯಿಲೆ ಕೇಳುವ ಮೊದಲು ಬೆಳಿಗ್ಗೆ ಏನು ತಿಂದಿರಿ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುತ್ತಾಳಂತೆ. ಅದಕ್ಕೇ ಅವಳ ಕ್ಲಿನಿಕ್ಕಿನಲ್ಲಿ ಯಾವಾಗಲೂ ತಡ ಎಂದು ರೋಹನ್ ಗೊಣಗುತ್ತಿರುತ್ತಾನೆ.

ಅನನ್ಯಾ, ಯಾವುದು ಮೇಲೆ ಯಾವುದು ಕೆಳಗೆ ಎಂದು ನನ್ನನ್ನು ಕೇಳಬೇಡ. ಪ್ರಸಾದ ಕೇಳಿಕೊಡು ಎಂದಂತೂ ಅನ್ನಬೇಡ. ನನ್ನ ಕೈಯನ್ನು ನಂಬುವಂತಿಲ್ಲ ಎಂದು ಈಗ ನಿನಗೆ ಗೊತ್ತಾಯಿತು. ನೀನೇ ಎರಡು ಬೆರಳು ಹಾಕಿ ತೆಗೆದುಕೋ. ಆಮೇಲೆ ಭಯವಾದರೆ ಅಡಿಗೆಮನೆಗೆ ಬಾ, ಬೇಳೆ ಇದೆ, ಇಬ್ಬರೂ ಕೂತು ಆರಿಸೋಣ.

ಈ ಹಾಳೆಗಳನ್ನು ಆ ಕ್ಯಾಟಲಾಗಿನ ಒಳಗೇ, ನಿಮ್ಮ ಅಮ್ಮ ಪೆನ್ಸಿಲಿನಲ್ಲಿ ಗೆರೆ ಎಳೆದಿರುವ ಪುಟದ ನಡುವೆ ಇಡುತ್ತಿದ್ದೇನೆ. ಬೇಸಿಗೆ ರಜೆಗಳಲ್ಲಿ ನಾನು ಕಲಿಸಿದ ಅಕ್ಷರಗಳನ್ನು ಕೂಡಿಸಿ ಮೊದಲು ನೀವಿಬ್ಬರೇ ಓದಿ, ಅಮ್ಮನಿಗೆ ಯಾವಾಗ ತೋರಿಸಬೇಕೆಂಬುದನ್ನು ನೀವೇ ನೋಡಿಕೊಳ್ಳಿ. ಜೋಪಾನವಾಗಿ ಇಟ್ಟುಕೊಳ್ಳಿ, ಕಳೆಯಬೇಡಿ. ಗ್ರೈಂಡರಿನ ಕಾಲಿಗೆ ರೋಹನ್ ಒಂದು ಹಲಗೆ ಕತ್ತರಿಸಿ ಕೊಟ್ಟರೆ ಸಾಕು, ನಾಳೆ ದೋಸೆಗೆ ನೆನೆಹಾಕಿದ್ದೇನೆ.